ಹಳೇ ಫಿಲ್ಟರಿನ ಸ್ಪಾಂಜ್ ತಂದು ಹಾಕಿದ್ರೆ ಹೊಸ ಟ್ಯಾಂಕ್ ಎಷ್ಟು ಬೇಗ ರೆಡಿಯಾಗುತ್ತೆ?

ಗಿರಿತಪ್ಪಲು
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ನಮ್ಮನೆಗೆ ಮೂರಡಿ ಟ್ಯಾಂಕ್ ಬಂದಿದೆ, ಸುಮಾರು 150 ಲೀಟರ್ ನೀರು ಹಿಡಿಯುತ್ತೆ. ಜಲ್ಲಿ ಹಾಕಿ, ನೀರು ತುಂಬಿಸಿ, ಟಾಪ್ ಫಿಲ್ಟರ್ ಓಡಿಸ್ತಿದ್ದೀವಿ. ಮೀನು ಇನ್ನೂ ಬಿಟ್ಟಿಲ್ಲ. ಅಂಗಡಿಯಲ್ಲಿ "ಮೂರು ದಿನ ಫಿಲ್ಟರ್ ಓಡ್ಲಿ, ಆಮೇಲೆ ಬಂದು ಮೀನು ತಗೊಂಡು ಹೋಗಿ" ಅಂದ್ರು. ಓದಿದ ಕಡೆಯೆಲ್ಲ ಸೈಕಲ್ ಆಗೋಕೆ, ಅಂದ್ರೆ ಗಲೀಜು ತಿನ್ನೋ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ಬೆಳೆಯೋಕೆ, ನಾಲ್ಕರಿಂದ ಆರು ವಾರ ಬೇಕು ಅಂತಿದೆ. ಮೂರು ದಿನ ಎಲ್ಲಿ, ಆರು ವಾರ ಎಲ್ಲಿ!

ಹಾಸನದಲ್ಲಿ ನನ್ನ ತಮ್ಮನ ಮನೇಲಿ ವರ್ಷಗಳಿಂದ ಓಡ್ತಿರೋ ಟ್ಯಾಂಕ್ ಇದೆ. "ಅಕ್ಕಾ, ನನ್ನ ಫಿಲ್ಟರಿಂದ ಒಂದು ಸ್ಪಾಂಜು, ಒಂದಷ್ಟು ಸಿರಾಮಿಕ್ ರಿಂಗ್ ಕೊಡ್ತೀನಿ, ಹಾಕ್ಕೊಂಡು ಅವತ್ತೇ ಮೀನು ಬಿಡು" ಅಂತಾನೆ. ನಿಜವಾಗ್ಲೂ ಅವತ್ತೇ ಬಿಡಬಹುದಾ? ಬಸ್ಸಲ್ಲಿ ಬೇಲೂರು ಮೇಲೆ ಬರೋವಷ್ಟರಲ್ಲಿ ಅದರಲ್ಲಿರೋ ಬ್ಯಾಕ್ಟೀರಿಯಾ ಸಾಯಲ್ವಾ? ಅವನದು ಬೋರ್ ನೀರು, ನಮ್ಮದು ನಲ್ಲಿ ನೀರು, ಅದರಿಂದ ತೊಂದ್ರೆ ಇದೆಯಾ? ಮಗಳು ದಿನಾ ಬೆಳಿಗ್ಗೆ ಎದ್ದು ಖಾಲಿ ಟ್ಯಾಂಕ್ ಮುಂದೆ ಕೂತ್ಕೋತಾಳೆ. ಆದ್ರೂ ಮೀನು ಸಾಯಿಸಿ ಕಲಿಯೋದು ನನಗೆ ಬೇಡ.

ಗಪ್ಪಿ_ಗುರು
ಅವತ್ತೇ ಬಿಡಿ ಮೇಡಂ. ನಾನು ಯಾವಾಗ್ಲೂ ಹಂಗೇ ಮಾಡೋದು. ಓಡ್ತಿರೋ ಸ್ಪಾಂಜ್ ಹಾಕಿದ್ರೆ ಮುಗೀತು, ಸೈಕಲ್ ಗೀಕಲ್ ಏನೂ ಕಾಯಬೇಕಾಗಿಲ್ಲ.

ಹೇಮಾವತಿ_ದಂಡೆ
ಗುರು, ಅಷ್ಟು ಸಲೀಸಾಗಿ ಹೇಳ್ಬಿಟ್ರೆ ಹೆಂಗೆ? ನೀನು ಬಿಡೋದು ಆರೇಳು ಗಪ್ಪಿ. ಅಕ್ಕಾವ್ರು ಮೂರಡಿ ಟ್ಯಾಂಕ್ ಅಂತವ್ರೆ. ನಿನ್ನ ಮಾತು ಕೇಳಿ ಒಂದೇ ಸಲ ಹತ್ತು ಗೋಲ್ಡ್‌ಫಿಶ್ ಬಿಟ್ರೆ ಏನಾಗ್ತದೆ?

ಅಕ್ಕಾ, ನಿಮ್ ತಮ್ಮ ಹೇಳಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಯಾಗೈತೆ. ಸೈಕಲ್ ಅಂದ್ರೆ ಇಷ್ಟೇ. ಮೀನು ಕಿವಿರಿಂದ ಅಮೋನಿಯ ಬಿಡ್ತದೆ, ಮಿಕ್ಕಿದ ಆಹಾರ ಕೊಳೆತ್ರೂ ಅಮೋನಿಯ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತದೆ. ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡ್ತದೆ. ಮೊದಲಿನ ಎರಡೂ ವಿಷ. ನೈಟ್ರೇಟ್ ಅಷ್ಟು ಸುಲಭಕ್ಕೆ ಕೊಲ್ಲಲ್ಲ, ನೀರು ಬದಲಾಯಿಸಿದ್ರೆ ಕಮ್ಮಿ ಆಯ್ತದೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲ್ಕೊಂಡಿರೋದು ತೀರಾ ಕಮ್ಮಿ. ಸ್ಪಾಂಜು, ರಿಂಗು, ಜಲ್ಲಿ, ಗಾಜು, ಇವಕ್ಕೆ ಅಂಟ್ಕೊಂಡು ಬದುಕ್ತವೆ. ಹೊಸ ಟ್ಯಾಂಕಲ್ಲಿ ಅವು ಸೊನ್ನೆಯಿಂದ ಬೆಳೀಬೇಕು, ಅದಕ್ಕೇ ವಾರಗಟ್ಟಲೆ. ಹಳೇ ಸ್ಪಾಂಜ್ ತಂದ್ರೆ ಬೆಳೆದು ನಿಂತಿರೋ ಬ್ಯಾಕ್ಟೀರಿಯಾನೇ ಬರ್ತವೆ. ಹಾಲಿಗೆ ಹೆಪ್ಪು ಹಾಕ್ದಂಗೆ ಅಂದ್ಕಳಿ.

ಆದ್ರೆ ಎಷ್ಟು ಬರ್ತವೆ ಅನ್ನೋದು ಮುಖ್ಯ. ತಮ್ಮನ ಟ್ಯಾಂಕಲ್ಲಿ ದಿನಾ ಎಷ್ಟು ಅಮೋನಿಯ ಹುಟ್ತದೋ ಅಷ್ಟು ತಿನ್ನೋ ಬ್ಯಾಕ್ಟೀರಿಯಾ ಮಾತ್ರ ಅಲ್ಲಿ ಅವೆ. ಅದರಲ್ಲಿ ಮೂರನೇ ಒಂದು ಪಾಲು ನೀವು ತಂದ್ರೆ, ಅವರ ಮೀನಲ್ಲಿ ಮೂರನೇ ಒಂದು ಪಾಲಿನಷ್ಟು ಮೀನಿಗೆ ಸಾಕು. ಅದಕ್ಕಿಂತ ಜಾಸ್ತಿ ಕಿತ್ಕಂಡ್ ಬರಬೇಡಿ, ಅವರ ಟ್ಯಾಂಕೇ ಕೆಡ್ತದೆ.

ಬೇಲೂರು_ಹುಡುಗ
ಸ್ಪಾಂಜ್ ಬದಲು ಹಳೇ ಟ್ಯಾಂಕಿನ ನೀರು ಎರಡು ಕ್ಯಾನ್ ತಂದ್ರೆ ಸಾಲಲ್ವಾ? ನಮ್ ಕಡೆ ಎಲ್ಲರೂ ಅದನ್ನೇ ಮಾಡ್ತಾರೆ.

ಹೇಮಾವತಿ_ದಂಡೆ
ಮೇಲೆ ಹೇಳಿದ್ನಲ್ಲಪ್ಪ, ನೀರಲ್ಲಿ ಏನೂ ಇಲ್ಲ. ಕ್ಯಾನ್ ಹೊತ್ತು ಸೊಂಟ ನೋಯಿಸ್ಕಬೇಡ.

ನೈಟ್ರೋಸ್ಪೈರಾ
ಹೇಮಾವತಿಯವರು ಹೇಳಿದ್ದು ಸರಿ, ಆದರೆ ಹೆಪ್ಪಿನ ಹೋಲಿಕೆಗೆ ನನ್ನ ತಕರಾರಿದೆ. ಮೊಸರಿನ ಬ್ಯಾಕ್ಟೀರಿಯಾ ರಾತ್ರಿ ಒಂದು ಚಮಚ ಇದ್ದದ್ದು ಬೆಳಿಗ್ಗೆ ಪಾತ್ರೆ ತುಂಬುತ್ತೆ. ಫಿಲ್ಟರಿನವು ಹಾಗಲ್ಲ, ತೀರಾ ನಿಧಾನ. ಕರುಳಲ್ಲಿರೋ ಇ. ಕೊಲಿ ಬ್ಯಾಕ್ಟೀರಿಯಾ ಒಳ್ಳೆ ಸ್ಥಿತಿಯಲ್ಲಿ 20 ನಿಮಿಷಕ್ಕೆ ದುಪ್ಪಟ್ಟಾದರೆ, ಅಮೋನಿಯ ತಿನ್ನುವ ಬ್ಯಾಕ್ಟೀರಿಯಾಕ್ಕೆ ಅರ್ಧ ದಿನದಿಂದ ಒಂದೆರಡು ದಿನವೇ ಬೇಕು. ಅದಕ್ಕೇ "ಸ್ವಲ್ಪ ಹಾಕಿದರೂ ಆಗುತ್ತೆ, ತಾನೇ ಬೆಳೆಯುತ್ತೆ" ಅನ್ನೋ ನಂಬಿಕೆ ಇಲ್ಲಿ ಕೆಲಸ ಮಾಡಲ್ಲ. ಎಷ್ಟು ತರ್ತೀರೋ ಮೊದಲ ವಾರ ಬಹುಮಟ್ಟಿಗೆ ಅಷ್ಟರ ಮೇಲೇ ನಡೆಯಬೇಕು.

ಇನ್ನೊಂದು ವಿಷಯ. ಹಳೇ ಪುಸ್ತಕಗಳಲ್ಲಿ ನೈಟ್ರೈಟ್ ತಿನ್ನೋದು ನೈಟ್ರೋಬ್ಯಾಕ್ಟರ್ ಅಂತ ಇರುತ್ತೆ. 1998ರಲ್ಲಿ ಹೋವನೆಕ್ ಮತ್ತು ಜೊತೆಗಾರರು ಸಿಹಿನೀರಿನ ಅಕ್ವೇರಿಯಂಗಳನ್ನೇ ಪರೀಕ್ಷೆ ಮಾಡಿ, ಅಲ್ಲಿ ಆ ಕೆಲಸ ಮಾಡ್ತಿರೋದು ನೈಟ್ರೋಸ್ಪೈರಾ ಗುಂಪು ಅಂತ ತೋರಿಸಿದರು. 2015ರಲ್ಲಿ ಇನ್ನೂ ಮುಂದೆ ಹೋಗಿ, ಅಮೋನಿಯದಿಂದ ನೈಟ್ರೇಟ್‌ವರೆಗೆ ಪೂರ್ತಿ ಕೆಲಸ ಒಂದೇ ಜೀವಿ ಮಾಡೋ ನೈಟ್ರೋಸ್ಪೈರಾ ಸಿಕ್ಕಿತು. ಆಗ ಸಿಕ್ಕ ಮಾದರಿಗಳಲ್ಲಿ ಒಂದು ಮೀನು ಸಾಕಣೆಯ ಫಿಲ್ಟರಿನದೇ. ಓಡ್ತಿರೋ ಮೀಡಿಯಾದ, ಅಂದ್ರೆ ಫಿಲ್ಟರೊಳಗಿನ ಸ್ಪಾಂಜು, ರಿಂಗಿನ, ಬೆಲೆ ಇರೋದು ಇಲ್ಲೇ. ನಮ್ಮ ಟ್ಯಾಂಕಿನ ಬದುಕಿಗೆ ಒಗ್ಗಿರೋ ಜೀವಿಗಳೇ ಅದರಲ್ಲಿ ಇರುತ್ತವೆ, ಯಾವ ಜಾತಿ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗಪ್ಪಿ_ಗುರು
ಸರ್, ಇಷ್ಟೆಲ್ಲ ಓದಿದ್ರೂ ನನ್ನ ಮೀನು ಸತ್ತಿಲ್ಲವಲ್ಲ. ಅವತ್ತೇ ಬಿಟ್ಟೆ, ಚೆನ್ನಾಗಿವೆ.

ನೈಟ್ರೋಸ್ಪೈರಾ
ನಿಮ್ಮ ಮೀನು ಯಾಕೆ ಬದುಕಿದವು ಅಂತ ಲೆಕ್ಕದಲ್ಲೇ ಹೇಳ್ತೀನಿ. ಮೀನು ಸಾಕಣೆಯವರು ಬಳಸೋ ಅಂದಾಜು ಹೀಗಿದೆ: ಒಂದು ಕಿಲೋ ಆಹಾರ ಹಾಕಿದರೆ ಸುಮಾರು 30 ಗ್ರಾಂ ಅಮೋನಿಯ ಸಾರಜನಕ ನೀರಿಗೆ ಬರುತ್ತೆ. ಒಂದು ಗ್ರಾಂ ಆಹಾರಕ್ಕೆ 30 ಮಿಲಿಗ್ರಾಂ. 150 ಲೀಟರಿಗೆ ಅದು ದಿನಕ್ಕೆ 0.2 ಪಿಪಿಎಂ (ಪಿಪಿಎಂ ಅಂದ್ರೆ ಲೀಟರಿಗೆ ಒಂದು ಮಿಲಿಗ್ರಾಂ). ಹತ್ತು ಹನ್ನೆರಡು ಗಪ್ಪಿ ದಿನಕ್ಕೆ ಒಂದು ಗ್ರಾಂ ಕೂಡ ತಿನ್ನಲ್ಲ. ಚೆನ್ನಾಗಿ ಬೆಳೆದ ಒಂದು ಸ್ಪಾಂಜ್ ಅಷ್ಟನ್ನು ಸುಲಭವಾಗಿ ನುಂಗುತ್ತೆ.

ಹಾಗಾಗಿ ನೀವಿಬ್ಬರೂ ಜಗಳ ಆಡ್ತಿರೋದು ಒಂದೇ ಮಾತಿನ ಎರಡು ತುದಿ ಹಿಡಿದು. ಸ್ಪಾಂಜ್ ದೊಡ್ಡದು, ಮೀನು ಕಮ್ಮಿ ಅಂದ್ರೆ ಅವತ್ತೇ ಬಿಡಬಹುದು. ಸ್ಪಾಂಜ್ ಚಿಕ್ಕದು, ಮೀನು ಜಾಸ್ತಿ ಅಂದ್ರೆ ಅದೇ ಸ್ಪಾಂಜ್ ಹಾಕಿಯೂ ಮೀನು ಸಾಯುತ್ತೆ. ಹೊರಗಿಂದ ನೋಡಿ ಗೊತ್ತಾಗಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು.

ಹೇಮಾವತಿ_ದಂಡೆ
ಇದನ್ನ ಒಪ್ಕಂಡೆ. ಹೆಪ್ಪು ವಾಪಸ್ ತಗಂಡೆ.

ಗಿರಿತಪ್ಪಲು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರಾಂ ಲೆಕ್ಕ ನೋಡಿ ಮನಸ್ಸಿಗೆ ಸಮಾಧಾನ ಆಯ್ತು. ಮೊದಲಿಗೆ ಚಿಕ್ಕ ಮೀನು ಮಾತ್ರ ಬಿಡೋದು ಅಂತ ಮಗಳನ್ನ ಒಪ್ಪಿಸಿದ್ದೀನಿ. ಈಗ ತರೋದು ಹೇಗೆ ಅಂತ ಹೇಳಿ.

ಸಕಲೇಶಪುರ_ಮಳೆ
ಹಾಸನದಿಂದ ಚಿಕ್ಕಮಗಳೂರು ಬೇಲೂರು ಮೇಲೆ ಅರವತ್ತು ಕಿಲೋಮೀಟರ್ ಚಿಲ್ಲರೆ, ಬಸ್ಸಲ್ಲಿ ಎರಡು ಗಂಟೆ ಅಂದ್ಕೊಳಿ. ಅಷ್ಟಕ್ಕೆ ಏನೂ ಆಗಲ್ಲ. ಆದ್ರೆ ಬಕೆಟ್ ತುಂಬ ನೀರಲ್ಲಿ ಮುಳುಗಿಸಿ ಮುಚ್ಚಳ ಬಿಗಿದು ತರಬೇಡಿ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ನಿಂತ ನೀರಲ್ಲಿರೋದು ಬೇಗ ಖಾಲಿಯಾಗುತ್ತೆ. ಅಂಗಡಿಯವರು ಮೀನು ಕೊಡೋ ಥರದ ದಪ್ಪ ಕವರಿಗೆ ಸ್ಪಾಂಜು, ರಿಂಗು ಹಾಕಿ, ಒದ್ದೆಯಾಗಿರೋಷ್ಟು ಆ ಟ್ಯಾಂಕಿನದೇ ನೀರು ಬಿಟ್ಟು, ಮಿಕ್ಕಿದ್ದು ಗಾಳಿ ತುಂಬಿಸಿ ಗಂಟು ಹಾಕಿ. ಒಣಗಬಾರದು, ಬಿಸಿಲು ಬೀಳಬಾರದು. ಬಸ್ಸಲ್ಲಿ ಇಂಜಿನ್ ಹತ್ರ ಇಡಬೇಡಿ. ಮನೆಗೆ ಬಂದ ತಕ್ಷಣ ಫಿಲ್ಟರೊಳಗೆ ಸೇರಿಸಿ, ಕಾಫಿ ಆಮೇಲೆ ಕುಡೀರಿ.

ಅರಸೀಕೆರೆ_ತೆಂಗು
ಮನೆಗೆ ತಂದಮೇಲೆ "ಗಲೀಜಾಗಿದೆ" ಅಂತ ನಲ್ಲಿ ಕೆಳಗೆ ಹಿಡಿದು ತೊಳೆಯೋರು ಬಹಳ ಜನ. ನಮ್ಮ ಪಕ್ಕದ ಮನೆಯವರು ಹಂಗೇ ಮಾಡಿದ್ರು. ನಲ್ಲಿ ನೀರಿಗೆ ಹಾಕಿರೋ ಕ್ಲೋರಿನ್ ಇರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ. ಒಳ್ಳೇದು ಕೆಟ್ಟದ್ದು ಅಂತ ಅದು ನೋಡಲ್ಲ. ತೊಳೆಯಲೇಬೇಕು ಅಂದ್ರೆ ಟ್ಯಾಂಕಿಂದ ತೆಗೆದ ನೀರಲ್ಲೇ ಒಂದೆರಡು ಸಲ ಹಿಂಡಿ, ಅಷ್ಟೇ. ಮತ್ತೆ ಹೊಸ ಟ್ಯಾಂಕಿನ ನೀರಿಗೂ ಆಂಟಿ ಕ್ಲೋರಿನ್ ಹಾಕಿರಬೇಕು, ಇಲ್ಲ ಅಂದ್ರೆ ಹಾಸನದಿಂದ ಹೊತ್ಕೊಂಡು ಬಂದಿದ್ದು ದಂಡ.

ಬೇಲೂರು_ಹುಡುಗ
ಸ್ಪಾಂಜಿನ ಆ ಕಂದು ರಾಡಿನೇ ಬ್ಯಾಕ್ಟೀರಿಯಾ ಅಲ್ವಾ? ಹಿಂಡಿದ ನೀರನ್ನೇ ಟ್ಯಾಂಕಿಗೆ ಸುರಿದ್ರೆ?

ನೈಟ್ರೋಸ್ಪೈರಾ
ರಾಡಿಯಲ್ಲಿ ಹೆಚ್ಚಿನದು ಮೀನಿನ ಹಿಕ್ಕೆ, ಕೊಳೆತ ಆಹಾರ, ಎಲೆ ಚೂರು. ಬೇಕಾದ ಬ್ಯಾಕ್ಟೀರಿಯಾವೂ ಸ್ವಲ್ಪ ಇರುತ್ತೆ, ಹಾಗಾಗಿ ಹಿಂಡಿದ ನೀರಿಂದ ಲಾಭ ಇಲ್ಲ ಅಂತೇನಲ್ಲ. ಸ್ಪಾಂಜ್ ಕೊಡೋಕೆ ಮನಸ್ಸಿಲ್ಲದವರ ಹತ್ತಿರ ಅದಾದರೂ ಇಸ್ಕೊಂಡು ಬರಬಹುದು. ಆದರೆ ಗಟ್ಟಿಯಾಗಿ ಅಂಟಿಕೊಂಡಿರೋದೇ ಅಸಲು. ಸ್ಪಾಂಜ್ ಪೂರ್ತಿ ಸಿಗುವಾಗ ಹಿಂಡಿದ ನೀರು ಯಾಕೆ?

ಮತ್ಸ್ಯಾಲಯ_ಅಂಗಡಿ
ನಾನು ಅಂಗಡಿ ನಡೆಸೋನು, ಈ ಊರಿನದಲ್ಲ. "ಮೂರು ದಿನ ಓಡಿಸಿ" ಅನ್ನೋದು ಎಲ್ಲ ಅಂಗಡಿಯಲ್ಲೂ ಕೇಳಿಬರೋ ಮಾತು. ಅದಕ್ಕೊಂದು ಕಾರಣ ಇದೆ. ಮೊದಲು ಕ್ಲೋರಿನ್ ಹಾರಿಹೋಗ್ಲಿ, ಲೀಕ್ ಇದ್ರೆ ಗೊತ್ತಾಗ್ಲಿ, ನೀರು ತಿಳಿಯಾಗ್ಲಿ ಅಂತ ಹೇಳ್ತಿದ್ದದ್ದು. ಸೈಕಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಗಿರಾಕಿಗೆ ಆರು ವಾರ ಕಾಯಿ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ, ಇದೂ ನಿಜ. ನಾನೀಗ ಅಂಗಡಿಯ ದೊಡ್ಡ ಟ್ಯಾಂಕಿನೊಳಗೇ ಸಣ್ಣ ಸ್ಪಾಂಜ್ ಫಿಲ್ಟರ್‌ಗಳನ್ನ ಇಟ್ಟು ಓಡಿಸ್ತೀನಿ. ಹೊಸ ಟ್ಯಾಂಕ್ ತಗೊಂಡೋರಿಗೆ ಅದರಲ್ಲೊಂದು ಕೊಡ್ತೀನಿ. ಮೀನು ಬದುಕಿದ್ರೆ ತಾನೇ ಅವರು ಮತ್ತೆ ಬರೋದು.

ಹೇಮಾವತಿ_ದಂಡೆ
ಇದು ಚಂದದ ಕೆಲಸ ಸಾರ್. ಎಲ್ಲ ಅಂಗಡಿಯೋರೂ ಹಿಂಗೆ ಮಾಡ್ಬೇಕು.

ಆದ್ರೆ ಒಂದು ಮಾತು, ತಪ್ಪು ತಿಳ್ಕಬೇಡಿ. ಅಂಗಡಿ ಟ್ಯಾಂಕಿಗೆ ವಾರ ವಾರ ಹೊಸ ಮೀನು ಬರ್ತದೆ, ರೋಗಾನೂ ಬರ್ತದೆ. ಸ್ಪಾಂಜ್ ಜೊತೆ ಬಿಳಿ ಚುಕ್ಕೆ ರೋಗ, ಬಸವನಹುಳು, ಹೈಡ್ರಾ ಎಲ್ಲಾ ಸವಾರಿ ಬರ್ತವೆ. ಮನೆಯೋರ ಟ್ಯಾಂಕಿಂದ, ಬಹಳ ದಿನದಿಂದ ಹೊಸ ಮೀನು ಸೇರಿಸದೇ ಇರೋ ಟ್ಯಾಂಕಿಂದ ತಂದ್ರೆ ವಾಸಿ.

ಮತ್ಸ್ಯಾಲಯ_ಅಂಗಡಿ
ತಪ್ಪೇನಿಲ್ಲ, ಸರಿಯಾಗೇ ಹೇಳಿದ್ರಿ. ಅದಕ್ಕೇ ನಾನು ಮೀನು ಮಾರೋ ಟ್ಯಾಂಕಲ್ಲಿ ಇಡಲ್ಲ. ಹಿಂದುಗಡೆ ನಮ್ಮದೇ ಸಾಕಿದ ಮೀನು ಇರೋ ಟ್ಯಾಂಕಲ್ಲಿ ಇಡ್ತೀನಿ. ಮೆಥಿಲೀನ್ ಬ್ಲೂ, ಆಂಟಿಬಯೋಟಿಕ್ ಹಾಕಿದ ಟ್ಯಾಂಕಿನ ಸ್ಪಾಂಜ್ ಯಾರಿಗೂ ಕೊಡಬಾರದು, ಆ ಔಷಧಿಗಳು ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಹೊಡೆತ ಕೊಡ್ತವೆ. ಮೇಡಂ, ನಿಮ್ಮ ತಮ್ಮನಿಗೆ ಇದೊಂದು ಕೇಳಿ ನೋಡಿ.

ತುಂಗೆಯ_ತೀರ
ಎಂತ ಮಾರಾಯ್ರೆ, ಹಾಸನಕ್ಕೆಲ್ಲ ಯಾಕೆ ಹೋಗೂದು? ನಮ್ಮ ಮಲ್ನಾಡಲ್ಲಿ ಹಳ್ಳದ ಕಲ್ಲು ಎಷ್ಟು ಬೇಕಾದ್ರೂ ಉಂಟು. ಪಾಚಿ ಹಿಡಿದ ನಾಲ್ಕು ಕಲ್ಲು ತಂದು ಹಾಕಿದ್ರೆ ಅದ್ರಲ್ಲೂ ಇದೇ ಬ್ಯಾಕ್ಟೀರಿಯಾ ಇರ್ತದಲ್ದಾ?

ನೈಟ್ರೋಸ್ಪೈರಾ
ಇರುತ್ತೆ, ಆದರೆ ತೀರಾ ಕಮ್ಮಿ. ಹರಿಯೋ ಹಳ್ಳದ ನೀರಲ್ಲಿ ಅಮೋನಿಯ ಇರೋದೇ ಅತ್ಯಲ್ಪ. ಊಟ ಇಲ್ಲದ ಕಡೆ ಅಷ್ಟು ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ಮೇಲಿನ ಪಾಚಿ ಕತ್ತಲೆ ಫಿಲ್ಟರಲ್ಲಿ ಸತ್ತು ಕೊಳೆತು ಅಮೋನಿಯ ಹೆಚ್ಚಿಸುತ್ತೆ. ಕೊಡತಿ ಹುಳು, ಜಿಗಣೆ, ಏನೇನೋ ಬರುತ್ತೆ. ಕೊಡತಿ ಹುಳು ಅಂದ್ರೆ ಏರೋಪ್ಲೇನ್ ಚಿಟ್ಟೆಯ ಮರಿ, ಚಿಕ್ಕ ಗಪ್ಪಿಯನ್ನು ಹಿಡಿದು ತಿನ್ನುತ್ತೆ.

ತುಂಗೆಯ_ತೀರ
ಹೌದಾ. ಹಂಗಾದ್ರೆ ಬೇಡ. ನಮ್ಮ ಶೃಂಗೇರಿ ಹೊಳೇಲಿ ಅಷ್ಟು ದೊಡ್ಡ ದೊಡ್ಡ ಮೀನು ಇದ್ರೂ ನೀರು ಕೆಡೂದಿಲ್ವಲ್ಲ ಅಂತ ಯೋಚ್ನೆ ಬಂತು.

ಸಕಲೇಶಪುರ_ಮಳೆ
ಹೊಳೆ ಇಡೀ ದಿನ ಹರಿದು ಹೋಗ್ತಾನೇ ಇರುತ್ತೆ, ಟ್ಯಾಂಕಲ್ಲಿ ಅದೇ ನೀರು. ಅಂದ ಹಾಗೆ ಶೃಂಗೇರಿಯ ಆ ಮಹಶೀರ್ ಮೀನುಗಳನ್ನ ನೋಡೋಕೆ ಅಂತಲೇ ನಮ್ಮ ಮಕ್ಕಳು ಪ್ರತಿ ಸಲ ಹಠ ಮಾಡ್ತಾರೆ. ಅಲ್ಲಿ ಯಾರೂ ಹಿಡಿಯಲ್ಲ, ಅದಕ್ಕೇ ಹಾಗೆ ಬೆಳೆದಿವೆ.

ಗಪ್ಪಿ_ಗುರು
ಹಳ್ಳದಿಂದ ತರೋದಷ್ಟೇ ಅಲ್ಲ, ಟ್ಯಾಂಕ್ ಬೇಡ ಅಂತ ಮೀನನ್ನ ಹಿರೇಕೊಳಲೆ ಕೆರೆಗೋ ಅಯ್ಯನಕೆರೆಗೋ ಬಿಡೋರೂ ಇದ್ದಾರೆ. ದಯವಿಟ್ಟು ಅದನ್ನ ಮಾಡಬೇಡಿ. ಟ್ಯಾಂಕಿನ ಗಾಜು ಕ್ಲೀನ್ ಮಾಡುತ್ತೆ ಅಂತ ತರೋ ಆ ಸಕ್ಕರ್ ಮೀನು ಕೆರೆ ಸೇರಿದ್ರೆ ಅಡಿಯಷ್ಟು ಬೆಳೆದು ನಮ್ಮ ಮೀನುಗಳ ಜಾಗ ಕಿತ್ಕೊಳುತ್ತೆ.

ಅರಸೀಕೆರೆ_ತೆಂಗು
ನೂರಕ್ಕೆ ನೂರು ನಿಜ ಗುರು.

ವಿಷಯಕ್ಕೆ ಬರೋಣ. ಬೋರ್ ನೀರು, ನಲ್ಲಿ ನೀರು ಅಂತ ಕೇಳಿದ್ರಲ್ಲ ಮೇಡಂ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಕಡೆ ಬೋರ್ ನೀರು ಗಡಸು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತೆ. ನಿಮ್ಮದು ಮೆದು ನೀರು. ಬ್ಯಾಕ್ಟೀರಿಯಾ ಈ ಬದಲಾವಣೆ ತಡ್ಕೊಳುತ್ತೆ, ಒಂದೆರಡು ದಿನ ಮಂಕಾಗಬಹುದು. ನಿಜವಾದ ತೊಂದ್ರೆ ಬೇರೆ ಇದೆ. ಅದನ್ನ ನೈಟ್ರೋಸ್ಪೈರಾ ಅವರು ಚೆನ್ನಾಗಿ ಹೇಳ್ತಾರೆ.

ನೈಟ್ರೋಸ್ಪೈರಾ
ಹೌದು, ಮಲೆನಾಡಿನ ನೀರಿನಲ್ಲಿ ಇದನ್ನು ಮರೆಯೋ ಹಾಗಿಲ್ಲ. ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತೆ. ಅದನ್ನು ತಡೆಯೋದು ನೀರಿನಲ್ಲಿರೋ ಕಾರ್ಬೊನೇಟ್, ಅಂದ್ರೆ ಕೆಎಚ್. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂನಷ್ಟು ಕಾರ್ಬೊನೇಟ್ ಖರ್ಚಾಗುತ್ತೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಗಡಸು ನೀರಲ್ಲಿ ಅದು ಬೇಕಾದಷ್ಟಿದೆ. ಮೆದು ನೀರಲ್ಲಿ ಬೇಗ ಖಾಲಿಯಾಗಿ ಪಿಎಚ್ ಜಾರುತ್ತೆ, ಅಂದ್ರೆ ನೀರು ಆಮ್ಲ ಆಗುತ್ತೆ. ಪಿಎಚ್ 6.5ಕ್ಕಿಂತ ಕೆಳಗೆ ಈ ಬ್ಯಾಕ್ಟೀರಿಯಾ ನಿಧಾನ ಆಗುತ್ತೆ, 6ರ ಹತ್ತಿರ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. "ಹಳೇ ಮೀಡಿಯಾ ಹಾಕಿದರೂ ಸೈಕಲ್ ಆಗ್ತಿಲ್ಲ" ಅನ್ನೋ ದೂರು ಬಂದಾಗ ನಾನು ಮೊದಲು ಕೇಳೋದು ಪಿಎಚ್ ಎಷ್ಟು ಅಂತ. ಉಪಾಯ ಸುಲಭ: ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರು ಅಥವಾ ಹವಳದ ಚೂರು ಒಂದು ಹಿಡಿ ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಲ್ಲಿ ಇಡಿ. ನಿಧಾನವಾಗಿ ಕರಗುತ್ತೆ.

ಸಕಲೇಶಪುರ_ಮಳೆ
ಪಿಎಚ್ ಕಮ್ಮಿ ಇದ್ರೆ ಅಮೋನಿಯ ವಿಷ ಆಗಲ್ಲ ಅಂತಾರಲ್ಲ? ಹಂಗಾದ್ರೆ ನಮ್ಮ ಮೆದು ನೀರೇ ಒಳ್ಳೇದಲ್ವಾ?

ನೈಟ್ರೋಸ್ಪೈರಾ
ಅರ್ಧ ಸತ್ಯ. ನೀರು ಪರೀಕ್ಷೆ ಮಾಡೋ ಕಿಟ್ ತೋರಿಸೋದು ಒಟ್ಟು ಅಮೋನಿಯ. ಅದರಲ್ಲಿ ಮೀನಿಗೆ ಹೆಚ್ಚು ವಿಷವಾಗೋ ಪಾಲು 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ನೂರಕ್ಕೆ ಒಂದು ಭಾಗವೂ ಇಲ್ಲ, ಪಿಎಚ್ 8ರಲ್ಲಿ ನೂರಕ್ಕೆ ಐದರ ಮೇಲೆ. ಮೆದು ನೀರಲ್ಲಿ ಮೀನು ತಡೆದುಕೊಳ್ಳುತ್ತೆ ಅನ್ನೋದು ನಿಜ. ಆದರೆ ಅದೇ ನೀರಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿ ಅಮೋನಿಯ ಶೇಖರವಾಗುತ್ತೆ. ಒಂದು ದಿನ ಯಾರೋ ಬೋರ್ ನೀರು ತಂದು ಸುರಿದರೆ, ಅಥವಾ ಅಡುಗೆ ಸೋಡಾ ಹಾಕಿದರೆ, ಪಿಎಚ್ ಒಮ್ಮೆಗೇ ಏರಿ ವಿಷದ ಪಾಲೂ ಒಮ್ಮೆಗೇ ಏರುತ್ತೆ. ಅದಕ್ಕೇ ಮೀನು ಬಿಡೋ ಮುಂಚೆಯೇ ಚಿಪ್ಪು ಹಾಕಿ ಪಿಎಚ್ ಸರಿ ಮಾಡಿಕೊಳ್ಳಿ.

ಗಿರಿತಪ್ಪಲು
ಕರಾವಳಿಯಿಂದ ತಂದ ಚಿಪ್ಪು ಮನೇಲಿದೆ, ಕುಟ್ಟಿ ಹಾಕ್ತೀನಿ. ತಮ್ಮ ಔಷಧಿ ಯಾವತ್ತೂ ಹಾಕಿಲ್ಲವಂತೆ. ಮೀನು ಬಿಡೋ ಮುಂಚೆ ಬ್ಯಾಕ್ಟೀರಿಯಾ ಕೆಲಸ ಮಾಡ್ತಿದೆಯಾ ಅಂತ ನೋಡೋದು ಹೇಗೆ?

ಹೇಮಾವತಿ_ದಂಡೆ
ಅಮೋನಿಯ ಹಾಕಿ ನೋಡೋದು. ಗ್ರಂಧಿಗೆ ಅಂಗಡೀಲಿ ನವಸಾಗರ ಸಿಗ್ತದಲ್ಲ, ಪಾತ್ರೆಗೆ ಕಲಾಯಿ ಹಾಕೋರು ಬಳಸ್ತಾರೆ, ಅದೇ ಅಮೋನಿಯಂ ಕ್ಲೋರೈಡ್. 2 ಪಿಪಿಎಂ ಬರೋಹಂಗೆ ಹಾಕಿ, 24 ಗಂಟೆ ಬಿಟ್ಟು ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಇದ್ರೆ ಟ್ಯಾಂಕ್ ರೆಡಿ.

ಮತ್ಸ್ಯಾಲಯ_ಅಂಗಡಿ
ಗ್ರಂಧಿಗೆ ಅಂಗಡಿಯ ನವಸಾಗರದಲ್ಲಿ ಏನು ಬೆರೆತಿರುತ್ತೋ ಹೇಳೋಕಾಗಲ್ಲ ಸಾರ್. ಪ್ರಯೋಗಾಲಯಕ್ಕೆ ಸಾಮಾನು ಮಾರೋರ ಹತ್ರ ಶುದ್ಧವಾದದ್ದು ಸಿಗುತ್ತೆ, ಅದನ್ನೇ ತಗೊಳ್ಳೋದು ಒಳ್ಳೇದು. ಬೇಕಾಗೋದೂ ಚಿಟಿಕೆಯಷ್ಟೇ. 100 ಲೀಟರಿಗೆ 2 ಪಿಪಿಎಂ ಆಗೋಕೆ 0.6 ಗ್ರಾಂ ಸಾಕು, ಮೇಡಂ ಟ್ಯಾಂಕಿಗೆ ಹತ್ತಿರ ಹತ್ತಿರ ಒಂದು ಗ್ರಾಂ. ಒಡವೆ ತೂಗೋ ಥರದ ಚಿಕ್ಕ ತಕ್ಕಡಿ ಬೇಕಾಗುತ್ತೆ.

ಗಪ್ಪಿ_ಗುರು
2 ಪಿಪಿಎಂ ಯಾಕೆ? ನೈಟ್ರೋಸ್ಪೈರಾ ಸರ್ ಲೆಕ್ಕದಲ್ಲೇ ಅದು ಎಂಟು-ಹತ್ತು ಗ್ರಾಂ ಆಹಾರಕ್ಕೆ ಸಮ. ದಿನಾ ಎಂಟು-ಹತ್ತು ಗ್ರಾಂ ತಿನ್ನೋ ಮೀನು ಮೇಡಂ ಟ್ಯಾಂಕಲ್ಲಿ ಎಲ್ಲಿವೆ? ಅರ್ಧ ಪಿಪಿಎಂ ತೀರಿಸಿದ್ರೆ ಹನ್ನೆರಡು ಗಪ್ಪಿಗೆ ಧಾರಾಳ.

ಹೇಮಾವತಿ_ದಂಡೆ
ಇವತ್ತು ಹನ್ನೆರಡು, ಮುಂದಿನ ತಿಂಗಳು ಏಂಜಲ್ ಮೀನು, ಅದರ ಮುಂದೆ ಇನ್ನೊಂದು. ಟ್ಯಾಂಕ್ ಖಾಲಿ ಇರೋ ಮನೆ ನಾನು ನೋಡಿಲ್ಲ. ಮೊದಲೇ ಗಟ್ಟಿ ಮಾಡ್ಕಂಡ್ರೆ ಏನು ನಷ್ಟ?

ನೈಟ್ರೋಸ್ಪೈರಾ
ಈ ಸಲ ನಾನು ಗುರುವಿನ ಕಡೆ. 2 ಪಿಪಿಎಂ ಅಂಕಿ ಮೀನಿಲ್ಲದೆ, ಹಳೇ ಮೀಡಿಯಾ ಇಲ್ಲದೆ ಶುರು ಮಾಡಿ ಟ್ಯಾಂಕನ್ನು ಒಂದೇ ಸಲ ತುಂಬಿಸೋರಿಗೆ. ಸ್ವಲ್ಪ ಸ್ವಲ್ಪ ಮೀನು ಸೇರಿಸೋರಿಗೆ 0.5ರಿಂದ 1 ಸಾಕು. ಮೀನು ಹೆಚ್ಚಾದ ಹಾಗೆ ಬ್ಯಾಕ್ಟೀರಿಯಾವೂ ಹೆಚ್ಚುತ್ತೆ, ಒಂದೆರಡು ವಾರ ಅಂತರ ಕೊಟ್ಟರೆ ಆಯ್ತು. ಊಟ ಇಲ್ಲದೆ ಜಾಸ್ತಿ ಬ್ಯಾಕ್ಟೀರಿಯಾ ಬೆಳೆಸಿಟ್ಟರೆ ಹಾಗೇ ಉಳಿಯಲ್ಲ, ಇಳಿಯುತ್ತೆ.

ಸಕಲೇಶಪುರ_ಮಳೆ
ಚಳಿಗಾಲ ಬರ್ತಿದೆ, ಹೀಟರ್ ಮರೀಬೇಡಿ. ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ಹೇಗಿರುತ್ತೆ ನಿಮಗೇ ಗೊತ್ತು. ತಣ್ಣನೆ ನೀರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯೋದು ಇನ್ನೂ ನಿಧಾನ. 26 ಡಿಗ್ರಿ ಇಟ್ರೆ ಮೀನಿಗೂ ಸರಿ, ಅದಕ್ಕೂ ಸರಿ.

ಕರೆಂಟ್ ವಿಷ್ಯ ಒಂದು. ನಮ್ಮ ಕಡೆ ಆಷಾಢದ ಗಾಳಿಗೆ ಮರ ಬಿದ್ರೆ ಇಡೀ ದಿನ ಕರೆಂಟ್ ಇರಲ್ಲ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದೋರು ನೋಡ್ಕೋಬೇಕು. ಗಂಟೆಗಟ್ಟಲೆ ನಿಂತ್ರೆ ಒಳಗೆ ಆಮ್ಲಜನಕ ಖಾಲಿಯಾಗಿ ಬ್ಯಾಕ್ಟೀರಿಯಾ ಸಾಯೋಕೆ ಶುರು, ಕರೆಂಟ್ ಬಂದ ತಕ್ಷಣ ಆ ಕೊಳೆತ ನೀರು ಟ್ಯಾಂಕಿಗೆ ಬರುತ್ತೆ. ಅಷ್ಟೊತ್ತು ನಿಂತಿದ್ರೆ ಬಿಚ್ಚಿ, ಮೀಡಿಯಾ ಟ್ಯಾಂಕಿನ ನೀರಲ್ಲಿ ಜಾಲಿಸಿ ಹಾಕಿ. ಬ್ಯಾಟರಿ ಏರ್ ಪಂಪಿಗೆ ಒಂದು ಸ್ಪಾಂಜ್ ಫಿಲ್ಟರ್ ಯಾವಾಗ್ಲೂ ಜೋಡಿಸಿಟ್ಟಿರಿ. ಮಲೆನಾಡಲ್ಲಿ ಅದೇ ಗಟ್ಟಿ ಇನ್ಶೂರೆನ್ಸ್.

ಗಿರಿತಪ್ಪಲು
ಸ್ಪಾಂಜ್, ರಿಂಗ್ ತಂದಾಯ್ತು! ತಮ್ಮನೇ ಕವರಿಗೆ ಗಾಳಿ ತುಂಬಿಸಿ ಕೊಟ್ಟ. ಫಿಲ್ಟರಿಗೆ ಹಾಕಿ, ಚಿಪ್ಪಿನ ಚೀಲ ಇಟ್ಟು, ಅಮೋನಿಯ 1 ಪಿಪಿಎಂ ಮಾಡಿದೆ. ಮರುದಿನ ಅಮೋನಿಯ 0.25, ನೈಟ್ರೈಟ್ 0.5 ತೋರಿಸ್ತಿದೆ. ಪಿಎಚ್ 7.2. ನೀರು ಸ್ವಲ್ಪ ಹಾಲಿನ ಥರ ಮಬ್ಬಾಗಿದೆ. ಕೆಟ್ಟಿದೆಯಾ?

ಹೇಮಾವತಿ_ದಂಡೆ
ಕೆಟ್ಟಿಲ್ಲ ಅಕ್ಕಾ, ಬಹಳ ಚೆನ್ನಾಗೈತೆ! ಒಂದೇ ದಿನಕ್ಕೆ ಮುಕ್ಕಾಲು ಭಾಗ ತಿಂದವೆ. ಸ್ಪಾಂಜ್ ಜೀವಂತವಾಗಿ ಬಂದೈತೆ.

ನೈಟ್ರೋಸ್ಪೈರಾ
ಮಬ್ಬು ಬೇರೆ ಬ್ಯಾಕ್ಟೀರಿಯಾದ್ದು. ಕೊಳೆತದ್ದನ್ನು ತಿನ್ನುವವು, ಬೇಗ ಹುಟ್ಟಿ ಬೇಗ ಹೋಗುತ್ತವೆ. ಫಿಲ್ಟರ್ ತೊಳೆಯಬೇಡಿ, ತಾನೇ ತಿಳಿಯಾಗುತ್ತೆ. ನೈಟ್ರೈಟ್ ತಿನ್ನೋ ಗುಂಪು ಜಾಗ ಬದಲಾದಾಗ ಸ್ವಲ್ಪ ಹಿಂದೆ ಬೀಳೋದು ಸಾಮಾನ್ಯ. ಅದು ಸೊನ್ನೆಗೆ ಬರೋವರೆಗೂ ಮೀನು ಬೇಡ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತೆ. ನೀರಲ್ಲಿ ಆಮ್ಲಜನಕ ಇದ್ದರೂ ಮೀನು ಉಸಿರಿಗೆ ಒದ್ದಾಡುತ್ತೆ.

ಅರಸೀಕೆರೆ_ತೆಂಗು
ಈಗಾಗಲೇ ಮೀನು ಬಿಟ್ಟು ನೈಟ್ರೈಟ್ ಏರಿರೋರು ಯಾರಾದ್ರೂ ಇದನ್ನ ಓದ್ತಿದ್ರೆ: 100 ಲೀಟರಿಗೆ ಎರಡು ಟೀ ಚಮಚ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಲ್ಲಿ ನೈಟ್ರೈಟ್ ಒಳಗೆ ಹೋಗದಂಗೆ ತಡೆಯುತ್ತೆ. ಜೊತೆಗೆ ನೀರು ಬದಲಾಯಿಸಿ, ಊಟ ಕಮ್ಮಿ ಮಾಡಿ.

ಗಿರಿತಪ್ಪಲು
ಇವತ್ತಿನ ಲೆಕ್ಕ: ಮತ್ತೆ 1 ಪಿಪಿಎಂ ಹಾಕಿದ್ದೆ, 24 ಗಂಟೆಗೆ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20. ಸ್ಪಾಂಜ್ ಹಾಕಿ ವಾರ ಆಗಿದೆ ಅಷ್ಟೆ. ನೀರು ಗಾಜಿನ ಹಾಗೆ ತಿಳಿ.

ಗಪ್ಪಿ_ಗುರು
ಅರ್ಧ ನೀರು ಬದಲಾಯಿಸಿ, ಆಂಟಿ ಕ್ಲೋರಿನ್ ಹಾಕಿ, ಬಿಡಿ ಮೇಡಂ. ಮಗಳಿಗೆ ಹೇಳಿ.

ಹೇಮಾವತಿ_ದಂಡೆ
ನೀರು ಬದಲಾಯಿಸಿದ ಮೇಲೆ ಮೀನು ಬಿಡೋದು ತಡ ಮಾಡಬೇಡಿ. ಬಹಳ ದಿನ ಊಟ ಇಲ್ದೆ ಬಿಟ್ರೆ ಬ್ಯಾಕ್ಟೀರಿಯಾ ಸೊರಗ್ತವೆ. ಮೊದಲ ವಾರ ದಿನಾ ಟೆಸ್ಟ್ ಮಾಡಿ. ಊಟ ಚಿಟಿಕೆ ಅಷ್ಟೇ, ಮಗು ಕೈಗೆ ಡಬ್ಬಿ ಕೊಡಬೇಡಿ.

ಬೇಲೂರು_ಹುಡುಗ
ಅಕ್ಕಾ, ನಿಮ್ಮ ಟ್ಯಾಂಕ್ ಹಳೇದಾದಮೇಲೆ ನನಗೊಂದು ಸ್ಪಾಂಜ್ ಕೊಡ್ತೀರಾ? ಬೇಲೂರು ದಾರೀಲೇ ಸಿಗುತ್ತಲ್ಲ.

ಗಿರಿತಪ್ಪಲು
ಖಂಡಿತ ಕೊಡ್ತೀನಪ್ಪ. ಒಂದು ಹೊಸ ಸ್ಪಾಂಜ್ ಫಿಲ್ಟರ್ ತಂದುಕೊಡು, ನಮ್ಮ ಟ್ಯಾಂಕಲ್ಲೇ ಓಡಿಸ್ತೀನಿ. ಎಷ್ಟು ದಿನ ಇಡಬೇಕು ಅಂತ ದೊಡ್ಡೋರು ಹೇಳಲಿ.

ನೈಟ್ರೋಸ್ಪೈರಾ
ಕನಿಷ್ಠ ಮೂರ್ನಾಲ್ಕು ವಾರ, ಅದೂ ಟ್ಯಾಂಕಲ್ಲಿ ಮೀನು ಪೂರ್ತಿ ಸೇರಿದ ಮೇಲೆ. ಹುಡುಗ, ಅಷ್ಟರಲ್ಲಿ ನೀನು ನಿಮ್ಮ ನೀರಿನ ಪಿಎಚ್, ಕೆಎಚ್ ಎಷ್ಟು ಅಂತ ನೋಡಿ ಇಲ್ಲಿ ಹಾಕು.